ಕಟ್ಟಡ ವಿದ್ಯುತ್ ಕೆಲಸಗಾರರ ಕಲಿಕೆ ಮತ್ತು ಪರವಾನಗಿ: ಒಂದು ಚಾರಿತ್ರಿಕ ಅವಲೋಕನ

1. ಪ್ರಸ್ತಾವನೆ

ಜಾನಪದ ಅಧ್ಯಯನವೆಂದರೆ ಹಾಡು, ಕತೆ, ಗಾದೆ, ಒಗಟುಗಳ ಸಂಗ್ರಹ ಮತ್ತು ವಿಶ್ಲೇಷಣೆ ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲ ಬಲವಾಗಿ ಬೇರೂರಿತ್ತು. ವೃತ್ತಿಗಳ ಅಧ್ಯಯನಕ್ಕೆ ಕೈಹಾಕಿದ ವಿದ್ವಾಂಸರೂ ಕುಂಬಾರ, ಕಮ್ಮಾರ, ಬಡಗಿ, ನೇಕಾರ, ಮೇದ ಮೊದಲಾದ ಪರಂಪರಾಗತ ಕಸುಬುಗಳನ್ನೇ ಹೆಚ್ಚಾಗಿ ಆರಿಸಿಕೊಂಡರು. ಅವುಗಳ ಹಿಂದೆ ಕುಲಪುರಾಣವಿದೆ, ಆರಾಧ್ಯದೈವವಿದೆ, ಆಚರಣೆಗಳಿವೆ, ಪಾರಿಭಾಷಿಕ ಪದಗಳ ದೊಡ್ಡ ಭಂಡಾರವಿದೆ. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ, ಯಾವ ಕುಲಕ್ಕೂ ಸೇರದೆ ಬೆಳೆದ ಕಸುಬುಗಳು ಮಾತ್ರ ಈ ಅಧ್ಯಯನದ ಅಂಚಿನಲ್ಲಿಯೇ ಉಳಿದವು. ಮನೆಗಳಿಗೆ ವಿದ್ಯುತ್ ತಂತಿ ಎಳೆಯುವ ವೈರ್‌ಮನ್ನನ ಕಸುಬು ಅಂಥವುಗಳಲ್ಲಿ ಒಂದು.

ಈ ಕಸುಬಿಗೆ ಒಂದು ವೈಶಿಷ್ಟ್ಯವಿದೆ. ಕುಂಬಾರನು ಮಡಕೆ ಮಾಡಲು ಸರ್ಕಾರದ ಅಪ್ಪಣೆ ಪಡೆಯಬೇಕಿಲ್ಲ. ಬಡಗಿಯು ಬಾಗಿಲು ಕೂರಿಸಲು ಪರೀಕ್ಷೆ ಬರೆಯಬೇಕಿಲ್ಲ. ಕಟ್ಟಡದೊಳಗೆ ವಿದ್ಯುತ್ ತಂತಿ ಎಳೆಯುವವನಿಗಾದರೆ ಸರ್ಕಾರ ಕೊಟ್ಟ ಅಥವಾ ಮಾನ್ಯ ಮಾಡಿದ ಪರ್ಮಿಟ್ ಇರಲೇಬೇಕು. ಹೀಗೆ ಬರಹದ ಕಾನೂನಿನ ಕಣ್ಗಾವಲಿನಲ್ಲಿ ಬೆಳೆದ ಕಸುಬೊಂದರ ಕಲಿಕೆ ಮಾತ್ರ ಇಂದಿಗೂ ಬಹುಪಾಲು ಮೌಖಿಕವಾಗಿಯೇ, ಕೈಯಿಂದ ಕೈಗೆ ಸಾಗುತ್ತಿದೆ. ಕಾನೂನು ಬಯಸುವ ಪ್ರಮಾಣ ಮತ್ತು ಕಸುಬು ನೀಡುವ ಕಲಿಕೆ ಇವೆರಡರ ನಡುವಿನ ಸಂಬಂಧವೆಂತಹುದು, ಅವು ಎಲ್ಲಿ ಕೂಡುತ್ತವೆ, ಎಲ್ಲಿ ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಚಾರಿತ್ರಿಕವಾಗಿ ಪರಿಶೀಲಿಸಲು ಪ್ರಯತ್ನಿಸಲಾಗಿದೆ.

2. ಕುಲಕಸುಬಿನಲ್ಲಿ ಕಲಿಕೆ ಮತ್ತು ಪ್ರಮಾಣ

ನಮ್ಮ ಪರಂಪರೆಯಲ್ಲಿ ಕುಶಲಕರ್ಮಿಯ ಅರ್ಹತೆಯನ್ನು ಯಾರು, ಹೇಗೆ ದೃಢಪಡಿಸುತ್ತಿದ್ದರು ಎಂಬ ಪ್ರಶ್ನೆಯಿಂದ ಆರಂಭಿಸುವುದು ಉಚಿತ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಈ ಐದು ಕೆಲಸಗಳನ್ನು ಹಂಚಿಕೊಂಡ ಪಾಂಚಾಳ ಸಮುದಾಯದಲ್ಲಿ ಕಲಿಕೆಯ ಜಾಗ ಮನೆ ಮತ್ತು ಕುಲುಮೆ. ಗುರು ತಂದೆ ಅಥವಾ ಸೋದರಮಾವ. ಕಲಿಕೆಗೆ ಇಂತಿಷ್ಟು ವರ್ಷವೆಂಬ ಗಡುವಿರಲಿಲ್ಲ. ಮಗು ಮೊದಲು ತಿದಿ ಒತ್ತುತ್ತದೆ, ಅನಂತರ ಇಕ್ಕಳ ಹಿಡಿಯುತ್ತದೆ, ಕೊನೆಗೆ ಸುತ್ತಿಗೆ ಎತ್ತುತ್ತದೆ. ಯಾವ ದಿನ ಯಾವ ಉಪಕರಣ ಕೈಗೆ ಬರಬೇಕೆಂಬುದನ್ನು ಹಿರಿಯರ ಕಣ್ಣು ನಿರ್ಧರಿಸುತ್ತಿತ್ತು.

ಪ್ರಮಾಣದ ಪ್ರಶ್ನೆಗೆ ನಮ್ಮ ದೇವಾಲಯಗಳು ಉತ್ತರ ಕೊಡುತ್ತವೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. 13ನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ಶಿಲ್ಪಗಳ ಕೆಳಗೆ ದೊರೆಯುತ್ತದೆ. ಈ ರೂವಾರಿಗಳು ತಮ್ಮ ಹೆಸರಿನೊಂದಿಗೆ ತಂದೆಯ ಹೆಸರು, ಊರು, ಬಿರುದುಗಳನ್ನೂ ಕೆಲವೆಡೆ ಸೇರಿಸಿದ್ದಾರೆ. ಕಲಾ ಇತಿಹಾಸಕಾರರು ಇವನ್ನು ಶಿಲ್ಪಿಗಳ ಸ್ವಾಭಿಮಾನದ ಕುರುಹುಗಳೆಂದು ಗುರುತಿಸಿದ್ದಾರೆ. ವೃತ್ತಿಯ ದೃಷ್ಟಿಯಿಂದ ನೋಡಿದರೆ ಅವುಗಳಿಗೆ ಇನ್ನೊಂದು ಅರ್ಥವೂ ಇದೆ. ತಂದೆಯ ಹೆಸರು ಕಲಿಕೆಯ ಮೂಲವನ್ನು ಹೇಳುತ್ತದೆ, ಊರಿನ ಹೆಸರು ಪರಂಪರೆಯನ್ನು ಹೇಳುತ್ತದೆ, ಬಿರುದು ಅರ್ಹತೆಯನ್ನು ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ಹೊಣೆ ಹೊತ್ತವನ ಹೆಸರು ಕೆಲಸದ ಮೇಲೆಯೇ ಇರುತ್ತದೆ. ಶಿಲ್ಪಿಯ ಕೈಕೆಳಗೆ ಹೆಸರಿಲ್ಲದ ಅನೇಕ ಕೈಗಳು ದುಡಿದಿರಬೇಕೆಂಬುದು ನಿಜ. ಆದರೂ ಕೆಲಸ ಮತ್ತು ಸಹಿ ಒಂದೇ ಸ್ಥಳದಲ್ಲಿವೆ ಎಂಬ ಅಂಶವನ್ನು ಇಲ್ಲಿ ನೆನಪಿನಲ್ಲಿಡಬೇಕು.

ಕುಲಕಸುಬಿನ ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವ ಉದ್ದೇಶ ಇಲ್ಲಿಲ್ಲ. ಅದರ ಬಾಗಿಲು ಹುಟ್ಟಿನಿಂದ ತೆರೆಯುತ್ತಿತ್ತು, ಹುಟ್ಟಿನಿಂದಲೇ ಮುಚ್ಚುತ್ತಿತ್ತು. ಹೊರಗಿನವನು ಎಷ್ಟೇ ಬಯಸಿದರೂ ಒಳಗೆ ಬರುವುದು ಸುಲಭವಾಗಿರಲಿಲ್ಲ. ವಿದ್ಯುತ್ತಿನ ಕೆಲಸ ನಮ್ಮ ನಾಡಿಗೆ ಬಂದಾಗ ಈ ಬಾಗಿಲಿಲ್ಲದ ಕಸುಬೊಂದು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಲಭ್ಯವಾಯಿತು ಎನ್ನಬಹುದು.

3. ವಿದ್ಯುತ್ತಿನ ಆಗಮನ ಮತ್ತು ಹೊಸ ಕಸುಬು

1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ಗಣಿಗೆ ಬಂದ ವಿದ್ಯುತ್ತನ್ನು ನೋಡಿಕೊಳ್ಳಲು ಎಂಜಿನಿಯರರಿದ್ದರು. ಬೀದಿಯ ಕಂಬಗಳನ್ನು ಸಂಸ್ಥಾನದ ಇಲಾಖೆಯೇ ನೋಡಿಕೊಳ್ಳುತ್ತಿತ್ತು. ಆದರೆ ವಿದ್ಯುತ್ತು ಕಂಬದಿಂದ ಇಳಿದು ಮನೆಯ ಹೊಸ್ತಿಲು ದಾಟಿದಾಗ ಅದನ್ನು ಒಳಗೆ ಕರೆದೊಯ್ಯಬಲ್ಲ ಕುಶಲಕರ್ಮಿ ಬೇಕಾಯಿತು. ವೈರ್‌ಮನ್ ಹುಟ್ಟಿದ್ದು ಈ ಹೊಸ್ತಿಲಿನಲ್ಲಿ.

ಮೊದಲ ದಶಕಗಳ ಗೃಹ ವೈರಿಂಗಿನಲ್ಲಿ ಮರಗೆಲಸದ ಪಾಲು ದೊಡ್ಡದು. ರಬ್ಬರು ಹೊದಿಸಿದ ತಂತಿಗಳನ್ನು ಮರದ ಪಟ್ಟಿಯಲ್ಲಿ ಕೊರೆದ ಜೋಡಿ ಕಾಲುವೆಗಳಲ್ಲಿ ಕೂರಿಸಿ ಮೇಲೆ ಮರದ ಮುಚ್ಚಳ ಹೊಡೆಯುವ ಕೇಸಿಂಗ್ ಕ್ಯಾಪಿಂಗ್ ಪದ್ಧತಿ ಆಗ ರೂಢಿಯಲ್ಲಿತ್ತು. ಮೂಲೆಗಳಲ್ಲಿ ಪಟ್ಟಿಗಳನ್ನು ಓರೆಯಾಗಿ ಕೊಯ್ದು ಜೋಡಿಸಬೇಕು, ತಿರುಪು ತಂತಿಗೆ ತಾಗಬಾರದು. ಅನಂತರ ಮರದ ಬ್ಯಾಟನ್ ಪಟ್ಟಿಯ ಮೇಲೆ ತಂತಿಯನ್ನು ಕ್ಲಿಪ್ಪಿನಿಂದ ಬಿಗಿಯುವ ಪದ್ಧತಿ ಬಂದಿತು. ಹಳೆಯ ಶಾಲೆ, ಕಚೇರಿ, ತೊಟ್ಟಿಮನೆಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಪಿವಿಸಿ ತಂತಿ ಮತ್ತು ಕೊಳವೆಗಳು ಬಂದ ಮೇಲೆ ವೈರಿಂಗು ಗೋಡೆಯೊಳಗೆ ಅಡಗಿತು. ತಂತಿ ಕಣ್ಣಿಗೆ ಕಾಣುತ್ತಿದ್ದಾಗ ಮನೆಯೊಡೆಯನೂ ಕೆಲಸದ ಅಚ್ಚುಕಟ್ಟನ್ನು ಸ್ವಲ್ಪ ಮಟ್ಟಿಗೆ ಅಳೆಯಬಲ್ಲವನಾಗಿದ್ದ. ಅದು ಗಾರೆಯೊಳಗೆ ಮುಚ್ಚಿಹೋದ ಮೇಲೆ ಆ ಅವಕಾಶ ತಪ್ಪಿತು. ಕೆಲಸವನ್ನಲ್ಲ, ಕೆಲಸಗಾರನನ್ನು ನಂಬಬೇಕಾಯಿತು. ಪ್ರಮಾಣಪತ್ರದ ಅಗತ್ಯ ಹೆಚ್ಚಿದ್ದಕ್ಕೆ ಈ ಬದಲಾವಣೆಯೂ ಒಂದು ಕಾರಣ.

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆ ನಮ್ಮ ಜನರ ಕಲಿಕೆಯ ತತ್ವವನ್ನು ಸೊಗಸಾಗಿ ಹಿಡಿದಿಡುತ್ತದೆ. ತಪ್ಪು ಮಾಡುತ್ತಲೇ ಸರಿಯನ್ನು ಮುಟ್ಟಬೇಕು ಎಂಬುದು ಅದರ ತಾತ್ಪರ್ಯ. ಕುಂಬಾರನ ಮಡಕೆ ಒಡೆದರೆ ಮಣ್ಣು ಮತ್ತೆ ತಿಗರಿಗೆ ಬರುತ್ತದೆ. ನೇಕಾರನ ಎಳೆ ತಪ್ಪಿದರೆ ಬಿಚ್ಚಿ ನೇಯಬಹುದು. ವಿದ್ಯುತ್ತಿನ ಕೆಲಸದಲ್ಲಿ ಮೊದಲ ತಪ್ಪೇ ಕೊನೆಯ ತಪ್ಪಾಗಬಹುದು. ಅಷ್ಟೇ ಅಲ್ಲ, ಇಂದು ಮಾಡಿದ ಸಡಿಲ ಜೋಡಣೆ ಹತ್ತು ವರ್ಷಗಳ ಅನಂತರ, ಆ ಕೆಲಸಗಾರನನ್ನು ಎಂದೂ ಕಾಣದ ಮನೆಮಂದಿಯ ಮೇಲೆ ಬೆಂಕಿಯಾಗಿ ಎರಗಬಹುದು. ತಪ್ಪನ್ನು ಕ್ಷಮಿಸುವ ಕಸುಬುಗಳಿಗಾಗಿ ರೂಪುಗೊಂಡ ಕಲಿಕೆಯ ವಿಧಾನವು ತಪ್ಪನ್ನು ಕ್ಷಮಿಸದ ಕಸುಬಿಗೆ ಸಾಲದಾಯಿತು. ಕಾನೂನು ಮಧ್ಯೆ ಪ್ರವೇಶಿಸಿದ್ದು ಈ ನೆಲೆಯಲ್ಲಿ.

4. ಪರವಾನಗಿಯ ಕಾನೂನು

ಭಾರತದಲ್ಲಿ ವಿದ್ಯುತ್ತಿನ ಮೊದಲ ಕಾನೂನು 1887ರದು. ವಿದ್ಯುತ್ತಿನ ಪೂರೈಕೆ ಮತ್ತು ಬಳಕೆಯಿಂದ ಜನರಿಗೂ ಆಸ್ತಿಗೂ ಆಗಬಹುದಾದ ಅಪಾಯವನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಅನಂತರ 1903ರ ಕಾಯಿದೆ, ಅದರ ಬದಲಿಗೆ 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆ ಬಂದವು. 1910ರ ಕಾಯಿದೆಯ 36ನೆಯ ಪ್ರಕರಣವು ವಿದ್ಯುತ್ ಪರಿವೀಕ್ಷಕರ ನೇಮಕಕ್ಕೆ ಅವಕಾಶ ಕಲ್ಪಿಸಿತು. ಈ ಕಾಯಿದೆಯಡಿ 1937ರಲ್ಲಿಯೂ ಸ್ವಾತಂತ್ರ್ಯಾನಂತರ 1956ರಲ್ಲಿಯೂ ಸಮಗ್ರ ನಿಯಮಾವಳಿಗಳು ರೂಪುಗೊಂಡವು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದದ್ದು 1956ರ ನಿಯಮಾವಳಿಯ 45ನೆಯ ನಿಯಮ. ಅದರ ಸಾರಾಂಶ ಹೀಗಿದೆ: ಗ್ರಾಹಕನ, ಒಡೆಯನ ಅಥವಾ ವಾಸವಾಗಿರುವವನ ಆವರಣದಲ್ಲಿ ಹೊಸ ವೈರಿಂಗು, ಸೇರ್ಪಡೆ, ಮಾರ್ಪಾಡು, ದುರಸ್ತಿ ಇವುಗಳಲ್ಲಿ ಯಾವುದನ್ನೇ ಮಾಡುವುದಾದರೂ ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಬೇಕು, ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕನ ನೇರ ಉಸ್ತುವಾರಿಯಲ್ಲಿ ನಡೆಯಬೇಕು, ಪರ್ಮಿಟ್ ಹೊಂದಿದ ಕೆಲಸಗಾರನ ಕೈಯಿಂದ ಆಗಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಮೊದಲಿದ್ದಂತೆಯೇ ಬದಲಾಯಿಸುವುದಕ್ಕೆ ಮಾತ್ರ ವಿನಾಯಿತಿಯಿತ್ತು. ಈ ನಿಯಮವನ್ನು ಮೀರಿ ಮಾಡಿದ ಕೆಲಸಕ್ಕೆ ಸಂಪರ್ಕ ಕೊಡಕೂಡದೆಂದು ಅದರ ಎರಡನೆಯ ಉಪನಿಯಮ ವಿಧಿಸಿತು. ಸಂಪರ್ಕಕ್ಕೆ ಮುನ್ನ 500 ವೋಲ್ಟ್ ನೇರ ವಿದ್ಯುತ್ತಿನಿಂದ ಒಂದು ನಿಮಿಷ ಪರೀಕ್ಷಿಸಿದಾಗ ತಂತಿಯ ನಿರೋಧನವು ಕನಿಷ್ಠ 1 ಮೆಗಾಓಮ್ ಇರಬೇಕೆಂಬುದು 48ನೆಯ ನಿಯಮದ ಅಳತೆ.

2003ರ ವಿದ್ಯುಚ್ಛಕ್ತಿ ಕಾಯಿದೆಯು 1910ರ ಕಾಯಿದೆಯನ್ನು ರದ್ದುಪಡಿಸಿತಾದರೂ ಹೊಸ ವಿನಿಯಮಗಳು ಬರುವವರೆಗೆ 1956ರ ನಿಯಮಾವಳಿಯನ್ನು ಉಳಿಸಿಕೊಂಡಿತು. 2010ರಲ್ಲಿ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು ಸುರಕ್ಷತೆಯ ವಿನಿಯಮಗಳನ್ನು ಹೊರಡಿಸಿತು. 45ನೆಯ ನಿಯಮದ ತಿರುಳು ಅಲ್ಲಿ 29ನೆಯ ವಿನಿಯಮವಾಗಿ ಮುಂದುವರಿಯಿತು. 2023ರಲ್ಲಿ ಇವುಗಳ ಸ್ಥಾನಕ್ಕೆ ಮತ್ತೆ ಹೊಸ ವಿನಿಯಮಗಳು ಬಂದವು. ಕರ್ನಾಟಕದಲ್ಲಿ ಪರವಾನಗಿ, ಪ್ರಮಾಣಪತ್ರ, ಪರ್ಮಿಟ್‌ಗಳ ವ್ಯವಹಾರ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು.

ಈ ಸೂತ್ರದಲ್ಲಿ ಮೂವರಿಗೆ ಸ್ಥಾನವಿದೆ: ಹಣಕಾಸಿನ ಮತ್ತು ಕಾನೂನಿನ ಹೊಣೆ ಹೊರುವ ಗುತ್ತಿಗೆದಾರ, ತಾಂತ್ರಿಕ ಹೊಣೆ ಹೊರುವ ಮೇಲ್ವಿಚಾರಕ, ಕೈಕೆಲಸದ ಹೊಣೆ ಹೊರುವ ವೈರ್‌ಮನ್. ಮೂರು ಹೊಣೆಗಳನ್ನು ಬೇರ್ಪಡಿಸಿ ಮೂರಕ್ಕೂ ಹೆಸರು ಕೇಳುವ ಈ ಕ್ರಮ ವಿವೇಕಯುತವಾದದ್ದೇ. ಆದರೆ ಕೆಲಸದ ಜಾಗದಲ್ಲಿ ಸದಾ ಇರುವ ನಾಲ್ಕನೆಯವನೊಬ್ಬನಿದ್ದಾನೆ. ಅವನು ಕಲಿಯುತ್ತಿರುವ ಹುಡುಗ. ಸೂತ್ರದಲ್ಲಿ ಅವನ ಹೆಸರಿಲ್ಲ.

5. ಕಲಿಯುವವನ ಕಾನೂನು

ಕಲಿಯುವವನಿಗಾಗಿ ಬೇರೊಂದು ಕಾನೂನಿದೆ. ಅದರ ಚರಿತ್ರೆ ವಿದ್ಯುತ್ತಿನ ಕಾನೂನಿಗಿಂತ ಹಳೆಯದು. 1850ರ ಅಪ್ರೆಂಟಿಸರ ಕಾಯಿದೆಯು ಮುಖ್ಯವಾಗಿ ಅನಾಥ ಮತ್ತು ಬಡ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ರಚನೆಯಾಯಿತು. 10ರಿಂದ 18 ವರ್ಷದೊಳಗಿನ ಮಕ್ಕಳನ್ನು ಒಬ್ಬ ಯಜಮಾನನ ಬಳಿ ಕರಾರಿನ ಮೇಲೆ ಕಸುಬಿಗೆ ಬಿಡಬಹುದಿತ್ತು. ಕರಾರಿನ ಅವಧಿ 7 ವರ್ಷ ಮೀರುವಂತಿರಲಿಲ್ಲ. ಹುಡುಗನಿಗೆ 21 ತುಂಬಿದಾಗ, ಹುಡುಗಿಗೆ ಮದುವೆಯಾದಾಗ ಅದು ಮುಗಿಯಬೇಕಿತ್ತು. ಏಳು ವರ್ಷವೆಂಬ ಈ ಲೆಕ್ಕ ನಮ್ಮ ಕುಲುಮೆಗಳದಲ್ಲ. ಇಂಗ್ಲೆಂಡಿನ 1563ರ ಶಾಸನವೊಂದು ಕಸುಬಿನ ಕಲಿಕೆಗೆ ಏಳು ವರ್ಷಗಳನ್ನು ಕಡ್ಡಾಯ ಮಾಡಿತ್ತು; ಅಲ್ಲಿ 1814ರಲ್ಲಿ ಆ ಕಡ್ಡಾಯ ರದ್ದಾದ ಮೇಲೂ ಏಳರ ಸಂಖ್ಯೆ ಆಡಳಿತಗಾರರ ಮನಸ್ಸಿನಲ್ಲಿ ಉಳಿದಿತ್ತೆಂದು ತೋರುತ್ತದೆ.

ಸ್ವತಂತ್ರ ಭಾರತವು 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಜನ ಐಟಿಐ ಎಂದು ಕರೆಯುವ ಶಾಲೆಗಳು, ಈ ಯೋಜನೆಯ ಫಲ. 1956ರಲ್ಲಿ ವೃತ್ತಿಗಳ ತರಬೇತಿಗೆ ರಾಷ್ಟ್ರೀಯ ಮಂಡಳಿ ಸ್ಥಾಪನೆಯಾಯಿತು. ಎಲೆಕ್ಟ್ರಿಷಿಯನ್ ಮತ್ತು ವೈರ್‌ಮನ್ ಎಂಬ ಎರಡು ಪ್ರತ್ಯೇಕ ವಿಭಾಗಗಳಲ್ಲಿ ಎರಡೆರಡು ವರ್ಷದ ಶಿಕ್ಷಣ ಅಲ್ಲಿ ರೂಪುಗೊಂಡಿತು. ಒಂದೇ ವರ್ಷದಲ್ಲಿ, ಅಂದರೆ 1956ರಲ್ಲಿ, ಪರವಾನಗಿಯ ನಿಯಮಾವಳಿಯೂ ತರಬೇತಿಯ ಮಂಡಳಿಯೂ ಬಂದದ್ದು ಗಮನಾರ್ಹ. ಆದರೆ ಅವು ಎರಡು ಬೇರೆ ಆಡಳಿತ ಶಾಖೆಗಳ ಮಕ್ಕಳು. ಒಂದರ ಕಾಳಜಿ ಸುರಕ್ಷತೆ, ಇನ್ನೊಂದರ ಕಾಳಜಿ ಉದ್ಯೋಗ.

1850ರ ಕಾಯಿದೆಯನ್ನು ರದ್ದುಪಡಿಸಿ 1961ರ ಅಪ್ರೆಂಟಿಸ್ ಕಾಯಿದೆ ಬಂದಿತು. ನೋಂದಾಯಿತ ಕರಾರು, ನಿಗದಿತ ಅವಧಿ, ಮಾಸಿಕ ಭತ್ಯ, ಕೊನೆಯಲ್ಲಿ ಪರೀಕ್ಷೆ ಮತ್ತು ರಾಷ್ಟ್ರಮಟ್ಟದ ಪ್ರಮಾಣಪತ್ರ ಇವು ಅದರ ಮುಖ್ಯ ಲಕ್ಷಣಗಳು. ಅಪ್ರೆಂಟಿಸನು ತರಬೇತಿಯಲ್ಲಿರುವವನೇ ಹೊರತು ಕಾರ್ಮಿಕನಲ್ಲ ಎಂದು ಅದರ 18ನೆಯ ಪ್ರಕರಣ ಸ್ಪಷ್ಟಪಡಿಸಿತು. 2014ರ ತಿದ್ದುಪಡಿಯು ಅಪಾಯಕಾರಿ ಉದ್ದಿಮೆಗಳಲ್ಲಿ ಅಪ್ರೆಂಟಿಸನ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿತು. 2019ರ ನಿಯಮಗಳ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವಲ್ಲಿ ಐಚ್ಛಿಕ.

ಈ ಸಂಖ್ಯೆಗಳಲ್ಲಿಯೇ ನಮ್ಮ ಸಮಸ್ಯೆಯ ಬೀಜವಿದೆ. ಕಾರ್ಖಾನೆಗೆ, ವಿದ್ಯುತ್ ಮಂಡಳಿಗೆ, ರೈಲ್ವೆಗೆ ಈ ಕಾಯಿದೆ ಚೆನ್ನಾಗಿ ಹೊಂದುತ್ತದೆ. ಮನೆ ವೈರಿಂಗು ಮಾಡುವ ಮೇಸ್ತ್ರಿಯ ಬಳಿ ಇರುವವರು ಇಬ್ಬರು ಅಥವಾ ಮೂವರು ಹುಡುಗರು. ಅವನಿಗೆ ಕಚೇರಿಯಿಲ್ಲ, ಅವನ ಕಾರ್ಯಾಗಾರ ಪ್ರತಿ ಮೂರು ತಿಂಗಳಿಗೊಮ್ಮೆ ಬದಲಾಗುವ ಅರೆಕಟ್ಟಿದ ಮನೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾಯಿದೆಯೂ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಾಮಗಾರಿಗಳನ್ನು ಉದ್ದೇಶಿಸಿತ್ತು. 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯನ್ನು ಕಟ್ಟಿಸುವವನನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಹೀಗೆ ಅತಿ ಹೆಚ್ಚು ಹುಡುಗರು ಕಸುಬು ಕಲಿಯುವ ಜಾಗವೇ ಕಲಿಕೆಯ ಕಾನೂನುಗಳ ಕೈಗೆ ಸಿಗದೆ ಉಳಿಯಿತು.

6. ಮೂರು ಪದಗಳು

ಕಲಿಯುವವನನ್ನು ಕರೆಯುವ ಪದಗಳನ್ನು ಪರಿಶೀಲಿಸಿದರೆ ಈ ಬಿರುಕು ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ಆಡಳಿತ ಕನ್ನಡದಲ್ಲಿ ಅಪ್ರೆಂಟಿಸನಿಗೆ ‘ಶಿಶಿಕ್ಷು’ ಎಂಬ ಪದವಿದೆ. ಕಲಿಯಬಯಸುವವನು ಎಂಬುದು ಅದರ ಅರ್ಥ. ಕಲಿಯುವವನ ಬಯಕೆಯನ್ನು ಮುಂದಿಡುವ ಈ ಪದ ಗೌರವಯುತವಾದದ್ದು. ಆದರೆ ಕಟ್ಟಡದ ಜಾಗದಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಅಲ್ಲಿ ಕೇಳಿಬರುವ ಪದಗಳು ‘ಹುಡುಗ’ ಮತ್ತು ‘ಹೆಲ್ಪರ್’. ‘ಹುಡುಗ’ ಎಂಬುದು ವಯಸ್ಸನ್ನು ಹೇಳುತ್ತದೆ, ‘ಹೆಲ್ಪರ್’ ಎಂಬುದು ಮಾಡುವ ಚಾಕರಿಯನ್ನು ಹೇಳುತ್ತದೆ. ಕಲಿಕೆಯನ್ನು ಎರಡೂ ಹೇಳುವುದಿಲ್ಲ. ಮೂವತ್ತು ದಾಟಿದ ಮೇಲೂ ‘ಹುಡುಗ’ನಾಗಿಯೇ ಉಳಿದವರಿದ್ದಾರೆ. ಹುಡುಗನು ಮೇಸ್ತ್ರಿಯನ್ನು ‘ಅಣ್ಣ’ ಎನ್ನುತ್ತಾನೆ. ಕುಲಕಸುಬಿನಲ್ಲಿ ತಂದೆಗಿದ್ದ ಸ್ಥಾನವನ್ನು ಇಲ್ಲಿ ಅಣ್ಣ ತುಂಬಿದ್ದಾನೆ. ಆದರೆ ತಂದೆಗೆ ಮಗನನ್ನು ದಡ ಸೇರಿಸುವ ಹೊಣೆಯಿತ್ತು; ಈ ಅಣ್ಣನಿಗೆ ಅಂಥ ಹೊಣೆಯನ್ನು ಸಂಪ್ರದಾಯವೂ ವಹಿಸಿಲ್ಲ, ಕಾನೂನೂ ವಹಿಸಿಲ್ಲ.

7. ಕೈಯಿಂದ ಕೈಗೆ ಸಾಗುವ ಅರಿವು

ಹೀಗೆಂದಮಾತ್ರಕ್ಕೆ ಕಟ್ಟಡದ ಜಾಗದಲ್ಲಿ ಕಲಿಕೆಯೇ ಇಲ್ಲವೆನ್ನಲಾಗದು. ಅದರ ಕ್ರಮ ಕುಲುಮೆಯ ಕ್ರಮವನ್ನು ಹೋಲುತ್ತದೆ. ಹುಡುಗ ಮೊದಲು ಉಳಿ ಸುತ್ತಿಗೆ ಹಿಡಿದು ಗೋಡೆಯಲ್ಲಿ ಕಾಲುವೆ ಕೊರೆಯುತ್ತಾನೆ. ಅನಂತರ ತಾರಸಿಗೆ ಕಾಂಕ್ರೀಟು ಹಾಕುವ ಮುನ್ನ ಕಬ್ಬಿಣದ ಸರಳುಗಳ ನಡುವೆ ಕೊಳವೆ ಕೂರಿಸಲು ಕಲಿಯುತ್ತಾನೆ. ಅದಾದ ಮೇಲೆ ಕೊಳವೆಯೊಳಗೆ ತಂತಿ ಎಳೆಯುತ್ತಾನೆ. ಸ್ವಿಚ್ಚಿನ ಜೋಡಣೆ ಬರುವುದು ಆಮೇಲೆ. ಮೀಟರು ಮತ್ತು ವಿತರಣಾ ಪೆಟ್ಟಿಗೆಯ ಬಳಿಗೆ ಬರಲು ಅಣ್ಣನ ಒಪ್ಪಿಗೆ ಬೇಕು. ಅಪಾಯ ಕಡಿಮೆಯಿರುವ ಕೆಲಸದಿಂದ ಹೆಚ್ಚಿರುವ ಕೆಲಸದ ಕಡೆಗೆ ಹೋಗುವ ಈ ಮೆಟ್ಟಿಲುಗಳನ್ನು ಯಾವ ಪಠ್ಯಕ್ರಮವೂ ಬರೆದುಕೊಟ್ಟಿಲ್ಲ.

ಈ ಮೌಖಿಕ ಅರಿವಿನಲ್ಲಿ ಸುರಕ್ಷತೆಯ ಅಂಶಗಳೂ ಇವೆ. ಒಂದು ಉದಾಹರಣೆಯನ್ನು ಗಮನಿಸಬಹುದು. ಪಿಂಗಾಣಿ ಫ್ಯೂಸುಗಳಿದ್ದ ಕಾಲದಲ್ಲಿ ಹಿರಿಯ ವೈರ್‌ಮನ್ನರು ಕೆಲಸ ಆರಂಭಿಸುವ ಮುನ್ನ ಫ್ಯೂಸನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಫ್ಯೂಸು ಜೇಬಿನಲ್ಲಿರುವ ತನಕ ಬೇರೆ ಯಾರೂ ಅರಿಯದೆ ವಿದ್ಯುತ್ತನ್ನು ಹರಿಸುವಂತಿಲ್ಲ. ತನ್ನ ಜೀವವನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವ ಈ ಕ್ರಮ ದೊಡ್ಡ ಕಾರ್ಖಾನೆಗಳಲ್ಲಿ ಸ್ವಿಚ್ಚಿಗೆ ಬೀಗ ಹಾಕಿ ಫಲಕ ತೂಗುಹಾಕುವ ವಿಧಾನಕ್ಕೆ ಸಮಾನವಾದದ್ದು. ಮನೆಗಳಿಗೆ ಎಂಸಿಬಿಗಳು ಬಂದ ಮೇಲೆ ಕಿತ್ತು ಜೇಬಿಗೆ ಹಾಕಿಕೊಳ್ಳುವ ವಸ್ತುವೇ ಇಲ್ಲವಾಯಿತು. ಬೆರಳಿನಿಂದ ಒತ್ತಿದರೆ ಕೆಳಗಿಳಿಯುವ ಎಂಸಿಬಿ ಇನ್ನೊಬ್ಬರ ಬೆರಳಿನಿಂದ ಅಷ್ಟೇ ಸುಲಭವಾಗಿ ಮೇಲೇರುತ್ತದೆ. ಉಪಕರಣ ಸುಧಾರಿಸಿತು, ಆದರೆ ಅದರೊಂದಿಗೆ ಒಂದು ರೂಢಿ ಕಣ್ಮರೆಯಾಯಿತು. ಅದರ ಜಾಗಕ್ಕೆ ಬೀಗ ಮತ್ತು ಫಲಕದ ರೂಢಿ ಸಣ್ಣ ಕೆಲಸಗಳಲ್ಲಿ ಇನ್ನೂ ಬಂದಿಲ್ಲ.

ಎಲ್ಲ ಮೌಖಿಕ ಅರಿವೂ ಕಾಪಾಡುವಂಥದ್ದಲ್ಲ. ತಂತಿಯಲ್ಲಿ ವಿದ್ಯುತ್ತಿದೆಯೇ ಎಂದು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುವ ಅಭ್ಯಾಸ ಹಲವರಲ್ಲಿದೆ. ಅಂಗೈಯಿಂದ ಮುಟ್ಟಿದರೆ ಸ್ನಾಯು ಬಿಗಿದು ಕೈ ತಂತಿಯನ್ನೇ ಹಿಡಿದುಕೊಳ್ಳುತ್ತದೆ, ಹಿಂಬದಿಯಿಂದ ಮುಟ್ಟಿದರೆ ಕೈ ಹಿಂದಕ್ಕೆ ಸೆಳೆದುಕೊಳ್ಳುತ್ತದೆ ಎಂಬುದು ಅವರ ವಿವರಣೆ. ಸ್ನಾಯುವಿನ ವರ್ತನೆಯ ಬಗೆಗಿನ ಈ ಗ್ರಹಿಕೆಯಲ್ಲಿ ಸತ್ಯಾಂಶವಿದೆ; ಆದರೆ ಆ ಅಭ್ಯಾಸ ಪ್ರಾಣಾಂತಿಕವಾದದ್ದು. ಒದ್ದೆ ನೆಲದ ಮೇಲೆ ನಿಂತವನಿಗೆ ಬೆರಳಿನ ಯಾವ ಬದಿಯೂ ರಕ್ಷಣೆ ಕೊಡಲಾರದು. ಜನಪದ ಜ್ಞಾನವನ್ನು ಗೌರವಿಸುವುದೆಂದರೆ ಅದನ್ನೆಲ್ಲ ಒಪ್ಪುವುದಲ್ಲ. ಪರೀಕ್ಷೆ, ಪ್ರಮಾಣಪತ್ರಗಳ ವ್ಯವಸ್ಥೆ ಇಂಥ ಕಡೆ ಕಸುಬಿಗೆ ನಿಜವಾಗಿ ಬೇಕಾಗುತ್ತದೆ ಎಂಬುದನ್ನು ಜಾನಪದ ವಿದ್ವಾಂಸರೂ ಹೇಳಬೇಕು.

ಆಯುಧಪೂಜೆಯ ದಿನ ವೈರ್‌ಮನ್ನರು ಟೆಸ್ಟರು, ಕಟಿಂಗ್ ಪ್ಲೈಯರು, ಕೊರೆಯುವ ಯಂತ್ರಗಳನ್ನು ಒರೆಸಿ, ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು ಪೂಜಿಸುತ್ತಾರೆ. ಕುಲದೈವವಿಲ್ಲದ ಈ ಕಸುಬು ಹೀಗೆ ನಾಡಿನ ಹಬ್ಬದಲ್ಲಿ ತನ್ನ ಜಾಗವನ್ನು ಮಾಡಿಕೊಂಡಿದೆ. ಒಂದು ಅಂಗಡಿಯಲ್ಲಿ ಉಪಕರಣಗಳ ಸಾಲಿನಲ್ಲಿ ಮಾಲೀಕನ ಪರವಾನಗಿ ಪತ್ರವನ್ನೂ ಇಟ್ಟು ಹೂ ಏರಿಸಿದ್ದನ್ನು ನಾನು ಕಂಡಿದ್ದೇನೆ. ಕಾಗದವೂ ಒಂದು ಆಯುಧವೆಂಬ ತಿಳಿವಳಿಕೆ ಅಲ್ಲಿತ್ತು.

8. ಒಂದು ಮನೆಯ ಸಾಕ್ಷ್ಯ

ಈ ಚರ್ಚೆಯಿಂದ ನನ್ನನ್ನು ಹೊರಗಿಟ್ಟುಕೊಂಡು ಬರೆಯುವುದು ಪ್ರಾಮಾಣಿಕವಾಗಲಾರದು. 2012ರಲ್ಲಿ ನಾನೇ ಒಂದು ಸಣ್ಣ ಮನೆಯನ್ನು ಕಟ್ಟಿಸಿದೆ. ವೈರಿಂಗಿನ ಬಹುಪಾಲು ಕೆಲಸವನ್ನು ಮಾಡಿದವನು ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣನಾಗಿ ಕೆಲಸಕ್ಕೆ ಸೇರಿದ್ದ, ಇಪ್ಪತ್ತರ ಆಸುಪಾಸಿನ ಹುಡುಗ. ಮೇಸ್ತ್ರಿ ಬೆಳಿಗ್ಗೆ ಬಂದು ಗೋಡೆಯ ಮೇಲೆ ಬಳಪದಿಂದ ಗುರುತು ಹಾಕಿ ಹೋಗುತ್ತಿದ್ದರು, ಉಳಿದದ್ದೆಲ್ಲ ಹುಡುಗನದು. ಅವನ ಕೆಲಸ ಅಚ್ಚುಕಟ್ಟಾಗಿತ್ತು. ಕೊನೆಯಲ್ಲಿ ಸಂಪರ್ಕಕ್ಕೆ ಬೇಕಾದ ಮುಕ್ತಾಯ ವರದಿ ಬಂದಿತು. ಅದರಲ್ಲಿ ಗುತ್ತಿಗೆದಾರ, ಮೇಲ್ವಿಚಾರಕ, ವೈರ್‌ಮನ್ ಮೂವರ ಸಹಿಗಳಿದ್ದವು. ಆ ಮೂವರಲ್ಲಿ ಒಬ್ಬರನ್ನೂ ನಾನು ಮನೆಯಲ್ಲಿ ಕಂಡಿರಲಿಲ್ಲ. ಮನೆಯೊಡೆಯನ ಸಹಿ ಬೇಕಾದಲ್ಲಿ ನಾನೂ ಸಹಿ ಮಾಡಿದೆ. ಆ ಹೊತ್ತಿಗೆ ಅದು ತಪ್ಪೆಂದು ನನಗೆ ತೋರಲಿಲ್ಲ.

ಮೂರು ವರ್ಷಗಳ ಅನಂತರ ಆ ಹುಡುಗ ನನ್ನ ಬಳಿಗೆ ಬಂದ. ವೈರ್‌ಮನ್ ಪರೀಕ್ಷೆಗೆ ಅರ್ಜಿ ಹಾಕಬೇಕೆಂದಿದ್ದ. ಅನುಭವದ ಪ್ರಮಾಣಪತ್ರವನ್ನು ಪರವಾನಗಿಯುಳ್ಳ ಗುತ್ತಿಗೆದಾರರಿಂದ ತರಬೇಕಿತ್ತು. ಅವನ ಏಳೆಂಟು ವರ್ಷಗಳ ದುಡಿಮೆ ಯಾರ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ. ‘ಸಾರ್, ನಿಮ್ಮನೆ ಕೆಲಸ ನಾನೇ ಮಾಡಿದ್ದು ಅಂತ ನೀವೊಂದು ಬರ್ದುಕೊಡಿ’ ಎಂದು ಕೇಳಿದ. ನಾನು ಬರೆದುಕೊಡುವಂತಿರಲಿಲ್ಲ. ಏಕೆಂದರೆ ನನ್ನ ಮನೆಯ ಕೆಲಸವನ್ನು ಬೇರೊಬ್ಬರು ಮಾಡಿದರೆಂಬ ಕಾಗದಕ್ಕೆ ನಾನು ಆಗಲೇ ಸಹಿ ಮಾಡಿದ್ದೆ. ಬರೆದುಕೊಟ್ಟರೂ ಅದು ಅವನಿಗೆ ಅರ್ಹತೆಯಾಗುವ ಬದಲು ಪರ್ಮಿಟ್ ಇಲ್ಲದೆ ಕೆಲಸ ಮಾಡಿದನೆಂಬುದಕ್ಕೆ ಸಾಕ್ಷಿಯಾಗುತ್ತಿತ್ತು.

ಈ ಪ್ರಸಂಗದಲ್ಲಿ ಕಾನೂನಿನ ಒಳಗಿನ ಸುತ್ತು ಸ್ಪಷ್ಟವಾಗಿ ಕಾಣುತ್ತದೆ. ಪರ್ಮಿಟ್ ಪಡೆಯಲು ಅನುಭವ ಬೇಕು. ಪರ್ಮಿಟ್ ಇಲ್ಲದವನು ಕೆಲಸ ಮಾಡುವಂತಿಲ್ಲ. ಐಟಿಐಯಲ್ಲಿ ಓದಿದವನಿಗೆ ಈ ಸುತ್ತಿನಿಂದ ಹೊರಬರುವ ದಾರಿಯಿದೆ. ಅಲ್ಲಿಗೆ ಹೋಗಲಾಗದವನಿಗೆ, ಪ್ರಾಮಾಣಿಕ ಗುತ್ತಿಗೆದಾರನು ಅವನ ಹೆಸರನ್ನು ಮೊದಲ ದಿನದಿಂದ ಬರೆದಿಟ್ಟರೆ ಮಾತ್ರ ದಾರಿ. ಅವಘಡವಾದಾಗ ಇದರ ಪರಿಣಾಮ ಇನ್ನೂ ಘೋರ. ಕಾಗದದಲ್ಲಿ ಇಲ್ಲದವನು ಅಲ್ಲಿ ಏಕಿದ್ದನೆಂಬ ಪ್ರಶ್ನೆಗೆ ಎಲ್ಲರೂ ಕೈತೊಳೆದುಕೊಳ್ಳುವ ಉತ್ತರವನ್ನೇ ಹುಡುಕುತ್ತಾರೆ.

ಬೇಲೂರಿನ ಶಿಲ್ಪದ ಕೆಳಗೆ ಹೆಸರು ಮತ್ತು ಕೆಲಸ ಒಂದೇ ಕಲ್ಲಿನಲ್ಲಿವೆ. ನನ್ನ ಮನೆಯಲ್ಲಿ ಕೆಲಸ ಗೋಡೆಯೊಳಗಿದೆ, ಹೆಸರು ಕಡತದೊಳಗಿದೆ, ಅವೆರಡೂ ಒಬ್ಬನವಲ್ಲ. ಹೊಣೆಯನ್ನು ಗುರುತಿಸಲೆಂದು ಹುಟ್ಟಿದ ಸಹಿಯು ಹೊಣೆಯನ್ನು ಮರೆಮಾಡುವ ಸಾಧನವಾಗಿ ಬದಲಾದದ್ದು ಈ ಚರಿತ್ರೆಯ ದೊಡ್ಡ ವಿಪರ್ಯಾಸ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಹೊರಪಡುತ್ತವೆ. ಪರವಾನಗಿ ನಿಯಮಗಳು ಅನಗತ್ಯವೆಂಬ ವಾದಕ್ಕೆ ಆಧಾರವಿಲ್ಲ. ಕಣ್ಣಿಗೆ ಕಾಣದ, ತಪ್ಪನ್ನು ಕ್ಷಮಿಸದ ಶಕ್ತಿಯೊಂದನ್ನು ಮನೆಯೊಳಗೆ ತರುವವನ ಅರ್ಹತೆಯನ್ನು ಸಮಾಜ ಕೇಳಲೇಬೇಕು. ಹುಟ್ಟಿನ ಬದಲು ಪರೀಕ್ಷೆಯನ್ನು ಮಾನದಂಡವಾಗಿಸಿದ್ದು ಈ ನಿಯಮಗಳ ದೊಡ್ಡ ಕೊಡುಗೆ. ಆದರೆ ಸುರಕ್ಷತೆಯ ಕಾನೂನು ಕೆಲಸಗಾರನನ್ನು ಗುರುತಿಸಿ ಕಲಿಯುವವನನ್ನು ಬಿಟ್ಟಿತು. ಕಲಿಕೆಯ ಕಾನೂನು ಕಾರ್ಖಾನೆಯನ್ನು ಗುರುತಿಸಿ ಕಟ್ಟಡವನ್ನು ಬಿಟ್ಟಿತು. ಇವೆರಡರ ನಡುವೆ ಉಳಿದ ಜಾಗದಲ್ಲಿ ಒಂದು ದೊಡ್ಡ ಸಮುದಾಯ ಬದುಕುತ್ತಿದೆ. 2015ರಿಂದ ಕೇಂದ್ರದ ಕೌಶಲ ಯೋಜನೆಯಡಿ ಪೂರ್ವಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಪ್ರಯತ್ನ ನಡೆದಿದೆ. ಅದು ಸ್ವಾಗತಾರ್ಹವಾದರೂ ಕೌಶಲದ ಪ್ರಮಾಣಪತ್ರ ಬೇರೆ, ರಾಜ್ಯವು ಕೊಡುವ ಪರ್ಮಿಟ್ ಬೇರೆ ಎಂಬುದನ್ನು ಮರೆಯುವಂತಿಲ್ಲ.

ಪರಿಹಾರಕ್ಕೆ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ಮುಕ್ತಾಯ ವರದಿಯಲ್ಲಿ ಮೂವರ ಸಹಿಯ ಕೆಳಗೆ, ಕೆಲಸದಲ್ಲಿ ನೆರವಾಗಿ ಕಲಿಯುತ್ತಿರುವವನ ಹೆಸರಿಗೂ ಒಂದು ಸಾಲು ಇದ್ದರೆ ಸಾಕು. ಮನೆಯಿಂದ ಮನೆಗೆ ಅವನ ಅನುಭವ ತಾನಾಗಿಯೇ ದಾಖಲಾಗುತ್ತದೆ. ಆ ಹೆಸರು ಬಂದಾಕ್ಷಣ ಅವನನ್ನು ಯಾರ ಉಸ್ತುವಾರಿಯಲ್ಲಿ, ಯಾವ ಕೆಲಸಕ್ಕೆ ಬಿಡಲಾಗಿತ್ತೆಂಬ ಪ್ರಶ್ನೆಯೂ ಬರುತ್ತದೆ. ಜಾನಪದ ವಿದ್ವಾಂಸರ ಪಾಲಿನ ಕೆಲಸವೆಂದರೆ ಈ ಕಸುಬಿನ ಪದಗಳು, ಕಲಿಕೆಯ ಮೆಟ್ಟಿಲುಗಳು, ಒಳ್ಳೆಯ ಮತ್ತು ಕೆಟ್ಟ ರೂಢಿಗಳು ಇವೆಲ್ಲವನ್ನೂ ಹಿರಿಯ ವೈರ್‌ಮನ್ನರು ಇರುವಾಗಲೇ ಸಂಗ್ರಹಿಸುವುದು. ಮರದ ಕೇಸಿಂಗಿನ ಕೆಲಸ ಬಲ್ಲ ಕೈಗಳು ಈಗ ವಿರಳ.

ನನ್ನ ಮನೆಯ ವೈರಿಂಗು ಮಾಡಿದ ಹುಡುಗ ಅನಂತರ ಬೇರೊಬ್ಬ ಗುತ್ತಿಗೆದಾರರ ಬಳಿ ಹೆಸರು ಬರೆಸಿ, ಎರಡು ವರ್ಷ ಕಾದು ಪರೀಕ್ಷೆ ಮುಗಿಸಿದ. ಈಗ ಅವನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ಇತ್ತೀಚೆಗೆ ಭೇಟಿಯಾದಾಗ ಅವರ ಹೆಸರನ್ನು ಎಲ್ಲಿಯಾದರೂ ಬರೆದಿದ್ದೀಯಾ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೀಬೇಕು ಸಾರ್’ ಎಂದ.